ಎಡ ನೀಲಿ, ಬಲ ಕೆಂಪು

೧೫ ಜೂನ್ ೧೯೯೮, ಸೋಮವಾರ

ರಬ್ಬರ್ ಚಪ್ಪಲಿ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಗಲ್ಲಾದ ಕೆಳಗೆ ಜಿರಲೆಗಳಿಗೆ ಛತ್ರವಾಗಿತ್ತು. ಅಂಗಡಿಯಲ್ಲಿ ನಡೆದದ್ದನ್ನೆಲ್ಲ ಊಟದ ಹೊತ್ತಿಗೆ ಹೆಂಡತಿ ಅಂಕಮ್ಮನಿಗೆ ಹೇಳಿ ಮುಗಿಸುವುದು ನನ್ನ ಪದ್ಧತಿ, ‘ಹೂಂ, ಆಮೇಲೆ?’ ಎನ್ನುವುದು ಅವಳ ಪದ್ಧತಿ. ಫೆಬ್ರವರಿಯಲ್ಲಿ ಅವಳು ತೀರಿಹೋದ ಮೇಲೆ ಮಾತು ಹೊಟ್ಟೆಯಲ್ಲೇ ಉಳಿದು ಹುಳಿಯಾಗುತ್ತಿದೆ. ಈ ಪುಸ್ತಕ ‘ಆಮೇಲೆ’ ಎನ್ನುವುದಿಲ್ಲ. ಎದುರುತ್ತರವನ್ನೂ ಕೊಡುವುದಿಲ್ಲ. ಸರಿಹೋಯಿತು.

ಇವತ್ತು ಅಂಗಡಿಗೆ ಅನಂತಪದ್ಮನಾಭ ಬಂದಿದ್ದರು. ಜಯನಗರದ ನಾಲ್ಕನೇ ಟಿ ಬ್ಲಾಕಿನ ನಿವೃತ್ತ ಪ್ರಿನ್ಸಿಪಾಲರು, ಈಗ ಅಲ್ಲಿನ ಸೇವಾ ಸಮಿತಿಯ ಅಧ್ಯಕ್ಷರು. ಮನುಷ್ಯರನ್ನು ನಾನು ಅಟ್ಟೆಯಿಂದ ಓದುತ್ತೇನೆ. ಇವರ ಚಪ್ಪಲಿ ಮುಂಗಾಲಿನಲ್ಲಿ ಸವೆಯುತ್ತದೆ. ಬೇರೆಯವರ ಕೆಲಸಕ್ಕೆ ತಾವೇ ಮುಂದಾಗಿ ಓಡುವವರ ಸವೆತ ಅದು.

‘ಮರೆಪ್ಪನವರೇ, ಬಿಟಿಎಂ ಸೆಕೆಂಡ್ ಸ್ಟೇಜಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳ್ತಿದೆಯಲ್ಲ, ಅಲ್ಲಿ ಕೂಲಿಯವರ ಮಕ್ಕಳು ಬರಿಗಾಲಲ್ಲಿ ಓಡಾಡ್ತಿದ್ದಾವೆ. ಕಾಲಿಂದ ಹುಳ ಹತ್ತಿ ರಕ್ತ ಕುಡೀತಿದೆಯಂತೆ. ಶೂ ಕೊಡೋಣ ಅಂತ ಸಮಿತಿ ತೀರ್ಮಾನ. ನೀವು ಅಸಲಿಗೆ ಹಾಕ್ಕೊಡಬೇಕು.’

‘ಸಾರ್, ಅಸಲು ಅನ್ನೋ ಮಾತನ್ನ ಅಂಗಡಿ ಒಳಗೆ ಆಡಬೇಡಿ. ಗೋಡೆ ಮೇಲೆ ಲಕ್ಷ್ಮಿ ಇದ್ದಾಳೆ, ಎದ್ದು ಹೋಗ್ತಾಳೆ.’

ಅವರು ನಕ್ಕರು. ಏಣಿಯ ಮೇಲಿದ್ದ ಬೈರಣ್ಣ ಕೆಮ್ಮಿದ. ನಾನು ಫುಟ್‌ಪಾತಿನಲ್ಲಿ ಚಾಪೆ ಹಾಸಿ ಮಾರುತ್ತಿದ್ದ ಕಾಲದಿಂದಲೂ ಜೊತೆಗಿರುವವನು ಅವನು. ಆ ಕೆಮ್ಮಿಗೆ ‘ಒಪ್ಪಬೇಡ’ ಎಂದು ಅರ್ಥ. ಬೇಡ ಎನ್ನಲು ನನ್ನಲ್ಲಿ ಮಾತಿಗೇನೂ ಬರವಿರಲಿಲ್ಲ. ಆಡುವುದಕ್ಕೆ ಸುಸ್ತು. ಒಪ್ಪಿಕೊಂಡೆ.

೨೧ ಜೂನ್, ಭಾನುವಾರ

ಅಳತೆ ತೆಗೆಯಲು ಸೈಟಿಗೆ ಹೋಗಿದ್ದೆ. ಅರ್ಧ ಎದ್ದ ಕಟ್ಟಡ, ಅದರ ಹಿಂದೆ ತಗಡಿನ ಶೆಡ್ಡುಗಳ ಸಾಲು, ಅದರಾಚೆ ಕೆರೆಯ ಕಡೆಗೆ ಪೊದೆ ಬೆಳೆದ ಬಯಲು. ಎಲ್ಲ ಕೊಪ್ಪಳ, ಕುಷ್ಟಗಿ, ರಾಯಚೂರಿನ ಜನ. ನಾನೂ ಲಿಂಗಸುಗೂರಿನಿಂದ ಲಾರಿ ಹತ್ತಿ ಬಂದವನೇ. ಆದರೆ ನಿಮ್ಮ ಕಡೆಯವನು ಎಂದು ಬಾಯಿ ಬಿಟ್ಟರೆ ಅಲ್ಲಿಗೆ ನೆಂಟಸ್ತನ ಶುರು. ಬೆಂಗಳೂರು ಕನ್ನಡದಲ್ಲೇ ಮಾತಾಡಿ ಬಂದೆ.

ಸರ್ಕಾರಿ ಆರೋಗ್ಯ ಕೇಂದ್ರದ ಡಾಕ್ಟರಮ್ಮ ಶೈಲಶ್ರೀಯೂ ಬಂದಿದ್ದರು. ಒಬ್ಬ ಹುಡುಗನ ಬೆರಳ ಸಂದು ಬಿಡಿಸಿ ಕೆಂಪು ಗುಳ್ಳೆ ತೋರಿಸಿದರು.

‘ಕೊಕ್ಕೆಹುಳ. ಮಲ ಬಿದ್ದ ಒದ್ದೆ ಮಣ್ಣಲ್ಲಿ ಇದರ ಮರಿ ಇರುತ್ತೆ. ಬರಿಗಾಲು ಸಿಕ್ರೆ ಸಾಕು, ಚರ್ಮ ಕೊರೆದು ಒಳಗೆ ಹೋಗುತ್ತೆ. ಆಮೇಲೆ ಕರುಳಲ್ಲಿ ಕೂತು ರಕ್ತ ಹೀರ್ತಾ ಇರುತ್ತೆ.’

‘ಬಾಡಿಗೆ ಇಲ್ಲದೆ’ ಎಂದೆ. ಡಾಕ್ಟರಮ್ಮ ನಗಲಿಲ್ಲ. ಪಕ್ಕದಲ್ಲಿ ಇಟ್ಟಿಗೆಯ ಮೇಲೆ ಕೂತಿದ್ದ ಹುಡುಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಭಾಗ್ಯಜ್ಯೋತಿ ಅಂತೆ ಹೆಸರು, ಏಳು ವರ್ಷ, ಗಾರೆ ಹೊರುವ ಮುರಿಗೆವ್ವನ ಮಗಳು. ಬೇರೆ ಮಕ್ಕಳು ಅಳತೆ ಕೊಡಲು ನೂಕಾಡುತ್ತಿದ್ದರೆ ಇವಳು ಸರದಿ ಬಂದಾಗ ಎದ್ದು ಬಂದು ಮತ್ತೆ ಕೂತಳು. ಅಷ್ಟಕ್ಕೇ ಏದುಸಿರು.

‘ಇವಳಿಗೆ ಎರಡು ಸಲ ಹುಳದ ಮಾತ್ರೆ ಕೊಟ್ಟಾಯ್ತು. ಹುಳ ಸಾಯುತ್ತೆ, ಮತ್ತೆ ಹತ್ತುತ್ತೆ. ರಕ್ತ ಆರಕ್ಕೆ ಬಂದಿದೆ, ಹನ್ನೆರಡರ ಹತ್ರ ಇರಬೇಕಾದ್ದು. ಹೀಗೇ ಇಳೀತಾ ಹೋದ್ರೆ ಹೃದಯ ತಡ್ಕೊಳ್ಳಲ್ಲ’ ಎಂದರು, ತಾಯಿಗೆ ಕೇಳದಷ್ಟು ಮೆಲ್ಲಗೆ.

ಮಕ್ಕಳ ಶೂ ಒಂದು ಸೈಜ್ ದೊಡ್ಡದೇ ಕೊಡುವುದು ನನ್ನ ವ್ಯಾಪಾರದ ರೂಢಿ. ‘ಇರ್ಲಿ ತಗೊಳ್ಳಿ ಮೇಡಂ, ಮಗು ಬೆಳೆಯುತ್ತಲ್ಲ’ ಎಂದರೆ ಯಾವ ತಾಯಿಯೂ ಇಲ್ಲ ಎನ್ನುವುದಿಲ್ಲ. ಇವತ್ತು ಎಲ್ಲರಿಗೂ ಹಾಗೆಯೇ ಬರೆದುಕೊಂಡೆ. ಆ ಹುಡುಗಿಗೆ ಮಾತ್ರ ಯಾಕೋ ಆ ಮಾತು ಬಾಯಿಗೆ ಬರಲಿಲ್ಲ. ಪಾದಕ್ಕೆ ಸರಿಯಾದ ಸೈಜೇ ಬರೆದೆ.

೨೮ ಜೂನ್, ಭಾನುವಾರ

ವಿತರಣೆ ಆಯಿತು. ಶಾಮಿಯಾನ, ಗುಲಾಬಿ ಹಾರ, ಭಾಷಣ. ಬಿಳಿ ಕ್ಯಾನ್ವಾಸ್ ಶೂ. ಫೋಟೋದವನು ಶೂಗಳನ್ನು ಕೈಯಲ್ಲಿ ಎತ್ತಿ ಹಿಡಿಯಲು ಹೇಳಿದ. ಮಕ್ಕಳು ದೀಪಾರತಿ ಎತ್ತಿದಂತೆ ಎತ್ತಿದವು. ಒಬ್ಬರಿಗೂ ಲೇಸ್ ಕಟ್ಟಲು ಬಾರದು. ಬಗ್ಗಿ ಬಗ್ಗಿ ಕಟ್ಟಿ ನನ್ನ ಸೊಂಟ ಹೋಯಿತು. ಭಾಷಣದಲ್ಲಿ ನನ್ನ ಹೆಸರನ್ನು ‘ಮಾರಪ್ಪ’ ಎಂದರು. ತಿದ್ದಲಿಲ್ಲ.

೯ ಜುಲೈ

ಮಳೆ. ಗಿರಾಕಿ ಇಲ್ಲ. ಬಚ್ಚಲ ಬಾಗಿಲಲ್ಲಿ ಅಂಕಮ್ಮನ ಹಸಿರು ರಬ್ಬರ್ ಚಪ್ಪಲಿ ಇನ್ನೂ ಇದೆ. ಮನೆಗೆ ಬಂದಿದ್ದ ಬೈರಣ್ಣ ‘ಎತ್ತಿಡ್ಲಾ ಅಣ್ಣ’ ಎಂದ. ‘ಅದರ ಪಾಡಿಗೆ ಅದಿದೆ, ನಿನಗೇನು ಕಾಟ ಕೊಡ್ತಿದೆ’ ಎಂದೆ.

೧೯ ಜುಲೈ, ಭಾನುವಾರ

ಜೆ.ಪಿ. ನಗರದ ಸಗಟು ಅಂಗಡಿಗೆ ಹೋದವನು ಹಾಗೇ ಸೈಟಿನ ಕಡೆ ತಿರುಗಿದೆ. ನೋಡಿದರೆ ಒಂದು ಕಾಲಿನಲ್ಲೂ ಶೂ ಇಲ್ಲ. ಮುರಿಗೆವ್ವನ ಶೆಡ್ಡಿನೊಳಗೆ ಬಗ್ಗಿದೆ. ಒಂದೇ ಕೋಣೆ, ಈ ಮೂಲೆಯಲ್ಲಿ ಒಲೆ, ಆ ಮೂಲೆಯಲ್ಲಿ ಎಲ್ಲಮ್ಮನ ಫೋಟೋ, ನಡುವೆ ಹಾಸಿಗೆ ಸುರುಳಿ. ಶೂಗಳು ಪ್ಲಾಸ್ಟಿಕ್ ಚೀಲದೊಳಗೆ, ತಗಡಿಗೆ ಕಟ್ಟಿದ ತಂತಿಯಿಂದ ನೇತಾಡುತ್ತಿದ್ದವು. ಎಲ್ಲ ಶೆಡ್ಡುಗಳಲ್ಲೂ ಹಾಗೆಯೇ, ಬಾವಲಿಗಳ ಹಾಗೆ.

‘ಏನಮ್ಮ ಇದು?’

‘ಊರಿಗೆ ಹೋಗಬೇಕಾರ ಹಾಕ್ತೀವ್ರೀ ಸಾವ್ಕಾರ್ರ. ಇಲ್ಲಿ ನೋಡಿದ್ರ ರಾಡಿ, ಸಿಮೆಂಟು. ಬೆಳ್ಳನ್ನ ಶೂ ಹಾಳಾಗ್ತಾವಲ್ರಿ.’

‘ಊರಿಗೆ ಯಾವಾಗ ಹೋಗೋದು?’

‘ಯುಗಾದಿಗೆ.’

‘ಅಷ್ಟರಲ್ಲಿ ಕಾಲು ಬೆಳೆದಿರುತ್ತಲ್ಲಮ್ಮ.’

‘ಹಂಗಾರ ತಮ್ಮಗ ಬರ್ತಾವ ಬಿಡ್ರಿ.’

ಮೂವತ್ತು ವರ್ಷ ಜನರ ಕಾಲಿಗೆ ಚಪ್ಪಲಿ ತೊಡಿಸಿದ ಬಾಯಿ ನನ್ನದು. ಇದ್ದಬದ್ದ ಮಾತೆಲ್ಲ ಖರ್ಚು ಮಾಡಿದೆ. ಕಡೆಗೆ ನಾಟಿದ್ದು ಒಂದೇ: ‘ನಾಳೆಯಿಂದ ಸ್ಕೂಲಿಗೆ ಹಾಕ್ಕೊಂಡು ಹೋಗದಿದ್ರೆ ಬಂದು ವಾಪಸ್ ತಗೊಂಡು ಹೋಗ್ತೀನಿ.’ ಭಾಗ್ಯಜ್ಯೋತಿ ನೇತಾಡುತ್ತಿದ್ದ ಚೀಲದ ಕೆಳಗೇ ಹೋಗಿ ನಿಂತಳು, ಕಾವಲಿಗೆ.

೮ ಆಗಸ್ಟ್

ಸರ್ಕಾರಿ ಶಾಲೆಯ ಮುಂದೆ ಸ್ಕೂಟರ್ ನಿಲ್ಲಿಸಿ ನೋಡಿದೆ. ತರಗತಿಯ ಬಾಗಿಲಲ್ಲಿ ಬಿಳಿ ಶೂಗಳ ಸಾಲು. ಕೆಸರು ಹಿಡಿದಿವೆ, ಅಂದರೆ ಓಡಾಡಿವೆ. ಅನಂತಪದ್ಮನಾಭರಿಗೆ ಫೋನ್ ಮಾಡಿ ಹೇಳಿದೆ, ಅವರು ಸಮಿತಿಯ ವರದಿಯಲ್ಲಿ ಹಾಕುತ್ತೇನೆ ಎಂದರು. ಒಂದು ಕೆಲಸ ಮುಗಿಯಿತು. ಮುಗಿದರೆ ಹಗುರಾಗಬೇಕು ಅಲ್ಲವೇ. ಏನೂ ಆಗಲಿಲ್ಲ. ಅನ್ನ ಸಾರು ಮಾಡಿಕೊಂಡು ತಿಂದೆ.

೧೨ ಸೆಪ್ಟೆಂಬರ್, ಶನಿವಾರ

ಡಾಕ್ಟರಮ್ಮ ತಮ್ಮ ಚಪ್ಪಲಿಯ ಉಂಗುಷ್ಟ ಹಾಕಿಸಲು ಬಂದವರು, ಕೂತು ನೀರು ಕೇಳಿದರು. ಮಕ್ಕಳಿಗೆ ಮತ್ತೆ ಪರೀಕ್ಷೆ ಮಾಡಿದರಂತೆ. ಮುಕ್ಕಾಲು ಪಾಲಿಗೆ ಹುಳ ಹಾಗೇ ಇದೆ. ಭಾಗ್ಯಜ್ಯೋತಿಯ ರಕ್ತ ಐದಕ್ಕೆ ಇಳಿದಿದೆ.

‘ಶೂ ಹಾಕ್ಕೊಳ್ತಿದಾರಲ್ಲ ಮೇಡಂ. ನಾನೇ ನೋಡಿದ್ದೀನಿ.’

‘ಅದೇ ನನಗೂ ಅರ್ಥ ಆಗ್ತಿಲ್ಲ. ಮಾತ್ರೆ ಮತ್ತೆ ಕೊಟ್ಟಿದೀನಿ, ಕಬ್ಬಿಣದ ಔಷಧಿನೂ ಕೊಟ್ಟಿದೀನಿ. ಹುಳ ಇನ್ನೊಂದು ಸಲ ಹತ್ತಬಾರದು, ಅಷ್ಟೇ.’

ಅವರು ಹೋದ ಮೇಲೆ ಬೈರಣ್ಣ ಏಣಿ ಇಳಿದು ಬಂದ. ‘ಅಣ್ಣ, ನಾವು ಮಾರೋರು. ಮಾರಾಯ್ತು. ಕಾಲು ಅವರದು, ಹುಳ ಅವರದು.’

‘ಮಾರಿದ ಮಾಲು ಕೆಲಸ ಮಾಡಲಿಲ್ಲ ಅಂದ್ರೆ ಯಾರನ್ನ ಕೇಳ್ತಾರೋ?’

‘ಮಾಲು ಸರಿಯಾಗೇ ಇತ್ತಲ್ಲಣ್ಣ.’

ಇತ್ತು. ಅದೇ ತಲೆ ತಿನ್ನುತ್ತಿದೆ.

೧೫ ಸೆಪ್ಟೆಂಬರ್, ಮಂಗಳವಾರ

ಬೆಳಗಿನ ಹಾಲು ತರುವ ಹೊತ್ತಿಗೆ ಹೊರಟು ಸೈಟಿಗೆ ಹೋದೆ. ಹೋಗಿದ್ದು ಯಾಕೆಂದು ನನಗೇ ಗೊತ್ತಿರಲಿಲ್ಲ. ಹೋಗಿ ನಿಂತದ್ದಕ್ಕೆ ಉತ್ತರ ಸಿಕ್ಕಿತು. ಮಕ್ಕಳು, ಹೆಂಗಸರು ಚೊಂಬು ಹಿಡಿದು ಬಯಲ ಕಡೆ ಹೊರಟಿದ್ದರು. ಇರುಳೆಲ್ಲ ಮಳೆ ಸುರಿದು ನೆಲ ಹಸಿ ಹಸಿ. ಒಬ್ಬರ ಕಾಲಲ್ಲೂ ಏನೂ ಇಲ್ಲ. ಭಾಗ್ಯಜ್ಯೋತಿ ಪೊದೆಯ ಕಡೆಯಿಂದ ಬಂದಳು, ತೊಟ್ಟಿಯ ಹತ್ತಿರ ನಿಂತು ಪಾದ ತಿಕ್ಕಿ ತಿಕ್ಕಿ ತೊಳೆದಳು, ಒರೆಸಿಕೊಂಡಳು, ಒಳಗೆ ಹೋಗಿ ಬಿಳಿ ಶೂ ಹಾಕಿ ಹೊರಗೆ ಬಂದಳು. ಲೇಸ್ ಕೂಡ ಕಟ್ಟಿದ್ದಳು.

‘ಮುರಿಗೆವ್ವ, ಬಯಲಿಗೆ ಹೋಗುವಾಗ ಶೂ ಯಾಕೆ ಹಾಕಲ್ಲ?’

ಅವಳು ಮೊದಲು ನಕ್ಕಳು. ಆಮೇಲೆ ನಾನು ನಿಜಕ್ಕೂ ಕೇಳುತ್ತಿದ್ದೇನೆಂದು ತಿಳಿದು ತಬ್ಬಿಬ್ಬಾದಳು. ‘ಸಾವ್ಕಾರ್ರ, ಹೇಲಾಗ ಅಡ್ಡಾಡಿದ್ದನ್ನ ತಂದು ಒಲಿ ಮುಂದ ಇಡಾಕ ಬರ್ತೈತೇನ್ರಿ? ದೇವ್ರು ಅಲ್ಲೇ ಅದಾಳ. ಕಾಲು ಆದ್ರ ತೊಳಕೋಬೌದು. ಶೂ ದಿನಾ ತೊಳದ್ರ ಒಣಗೂದ್ಯಾವಾಗ, ಸಾಲಿಗೆ ಹೋಗೂದ್ಯಾವಾಗ?’

‘ಹೊರಗೇ ಬಿಡು.’

‘ಹೊರಗ ಬಿಟ್ರ ನೆಳ್ಳು ಸೈತ ಉಳಿಯಂಗಿಲ್ರಿ ಇಲ್ಲಿ.’

ಡಾಕ್ಟರಮ್ಮ ಜೂನ್ ತಿಂಗಳಲ್ಲೇ ಹೇಳಿದ್ದರು, ಮಲ ಬಿದ್ದ ಒದ್ದೆ ಮಣ್ಣು ಎಂದು. ನನ್ನ ಕಿವಿ ಶೂ ಎನ್ನುವಲ್ಲಿಗೆ ನಿಂತುಬಿಟ್ಟಿತ್ತು. ಇಡೀ ದಿನದಲ್ಲಿ ಕಾಲಿಗೆ ಏನಾದರೂ ಬೇಕಾದ ಜಾಗ ಒಂದೇ. ಆ ಒಂದು ಜಾಗ ಬಿಟ್ಟು ಉಳಿದೆಲ್ಲ ಕಡೆಗೂ ನಾವು ಶೂ ಕೊಟ್ಟಿದ್ದೇವೆ.

೧೬ ಸೆಪ್ಟೆಂಬರ್

ಸ್ನಾನಕ್ಕೆ ಹೋಗುವಾಗ ಹಸಿರು ಚಪ್ಪಲಿಯನ್ನು ಎಡವಿದೆ. ಅಂಕಮ್ಮನ ಕಟ್ಟಳೆ ನೆನಪಾಯಿತು. ಆ ಚಪ್ಪಲಿ ಬಚ್ಚಲು, ಕಕ್ಕಸು ಬಿಟ್ಟು ಹೊಸಿಲು ದಾಟಬಾರದು. ದಾಟಿದರೆ ಮನೆಯೆಲ್ಲ ಸಾರಿಸುತ್ತಿದ್ದಳು. ಜಯನಗರದಲ್ಲಿ ಯಾವ ಮನೆಗೆ ಹೋದರೂ ಇದೇ ಏರ್ಪಾಡು. ಅಲ್ಲಿನ ಚಪ್ಪಲಿ ಅಲ್ಲಿಗೇ. ಹಾಗಾದರೆ ಬಯಲಿಗೂ ಅದರದೇ ಚಪ್ಪಲಿ ಇರಲಿ. ಶೆಡ್ಡಿಗೆ ತರುವುದೇ ಬೇಡ. ಬಯಲ ದಾರಿಯ ತಲೆಯಲ್ಲಿ ಒಂದು ಹಲಗೆ, ಹಲಗೆಗೆ ಮೊಳೆ, ಮೊಳೆಗೆ ರಬ್ಬರ್ ಚಪ್ಪಲಿ. ಹೋಗುವಾಗ ಹಾಕು, ಬರುವಾಗ ನೀರು ಹುಯ್ದು ತೂಗುಹಾಕು.

ಇಷ್ಟು ಸಣ್ಣ ವಿಷಯ. ಮೂರು ತಿಂಗಳು ಬೇಕಾಯಿತು.

೨೦ ಸೆಪ್ಟೆಂಬರ್, ಭಾನುವಾರ

ಸಮಿತಿಯ ಸಭೆ. ನಾನು ಹೇಳಿದ್ದನ್ನು ಕೇಳಿ ಎಲ್ಲರೂ ಕಾಫಿ ಲೋಟದೊಳಗೆ ನೋಡಿದರು.

‘ಮರೆಪ್ಪನವರೇ, ಐಡಿಯಾ ಚೆನ್ನಾಗಿದೆ. ಆದ್ರೆ ದಾನಿಗಳಿಗೆ ಏನಂತ ಹೇಳೋದು? ಕಕ್ಕಸಿಗೆ ಹೋಗೋ ಚಪ್ಪಲಿ ಅಂತಲೇ? ಫೋಟೋ ಎಲ್ಲಿ ತೆಗೆಸೋದು?’ ಎಂದರು ಅನಂತಪದ್ಮನಾಭ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ, ಪಾಪ, ನಿಜವಾದ ಸಂಕಟ ಇತ್ತು.

‘ಸಾರ್, ತಮ್ಮ ಮನೆ ಬಚ್ಚಲ ಮುಂದೆ ಒಂದು ಜೊತೆ ಇಲ್ಲವೇ?’

‘ಇದೆ.’

‘ಅದರ ಫೋಟೋ ತೆಗೆಸಿದ್ದೀರಾ?’

ಮೊದಲು ನಕ್ಕವರು ಅವರೇ. ಆದರೂ ಸಮಿತಿ ಒಪ್ಪಲಿಲ್ಲ. ಇದು ನನ್ನ ತಲೆಗೇ ಬಂತು. ನಾನು ಹೊರಡುವಾಗ ಅವರು ಬಾಗಿಲ ತನಕ ಬಂದು ‘ಹಲಗೆ ನಾನು ಕೊಡ್ತೀನಿ, ಗ್ಯಾರೇಜಲ್ಲಿ ತೇಗದ್ದೊಂದು ಬಿದ್ದಿದೆ. ಸಮಿತಿಗೆ ಹೇಳ್ಬೇಡಿ’ ಎಂದರು.

೨೭ ಸೆಪ್ಟೆಂಬರ್

ನಾನು, ಬೈರಣ್ಣ ಹಲಗೆ ಹೊಡೆದು ಬಂದೆವು. ಹೊಸ ಹವಾಯಿ ಚಪ್ಪಲಿಗಳು, ಚಿಕ್ಕವು ಕೆಳಗಿನ ಮೊಳೆಗೆ, ದೊಡ್ಡವು ಮೇಲಿನದಕ್ಕೆ. ಒಬ್ಬರದು ಒಬ್ಬರು ಹಾಕಿದರೆ ಕಜ್ಜಿ ಅಂಟದೇ ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ, ‘ತೊಳೆದು ಬಿಸಿಲಿಗೆ ಬಿಡಿ. ಕಜ್ಜಿಗೆ ಮುಲಾಮಿದೆ ನನ್ನ ಹತ್ರ’ ಎಂದರು.

೨೮ ಸೆಪ್ಟೆಂಬರ್

ಒಂದೂ ಇಲ್ಲ. ಮೊಳೆಗಳು ಮಾತ್ರ ಇವೆ, ಹಲ್ಲು ಕಿರಿದುಕೊಂಡು.

ಅಂಗಡಿಗೆ ಬಂದು ಹೇಳಿದರೆ ಬೈರಣ್ಣ ಏಣಿ ಹತ್ತಿ ಡಬ್ಬಿಗಳ ಧೂಳು ಒರೆಸತೊಡಗಿದ.

೪ ಅಕ್ಟೋಬರ್, ಭಾನುವಾರ

ಮೂರು ದಿನ ಜ್ವರ. ಅಂಗಡಿ ಬೈರಣ್ಣನೇ ನೋಡಿಕೊಂಡ. ಮಲಗಿದ್ದಾಗ ಹೊಳೆಯಿತು, ಕದ್ದವನೂ ಗಿರಾಕಿಯೇ. ಯಾವ ಗಿರಾಕಿಯೂ ತಗೊಳ್ಳದ ಮಾಲು ಯಾವುದು? ಜೋಡಿ ತಪ್ಪಿದ್ದು.

ಇವತ್ತು ಇಬ್ಬರೂ ಕೂತು ಜೋಡಿ ಕೆಡಿಸಿದೆವು. ಎಡಗಾಲು ನೀಲಿ, ಬಲಗಾಲು ಕೆಂಪು. ಉಳಿದ ನೀಲಿ ಬಲ, ಕೆಂಪು ಎಡಗಳನ್ನು ಮುಂದಿನ ಸರದಿಗೆ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದೆವು. ಬೈರಣ್ಣನಿಗೆ ಕೈ ಬರುತ್ತಿರಲಿಲ್ಲ. ‘ಜೀವಮಾನವೆಲ್ಲ ಜೋಡಿ ಹುಡುಕಿದ್ದೇ ಆಯ್ತಲ್ಲಣ್ಣ. ಈಗ ನೋಡು’ ಎಂದ.

ಸೈಟಿನಲ್ಲಿ ಹುಡುಗರು ನೋಡಿ ಬಿದ್ದು ಬಿದ್ದು ನಕ್ಕರು. ಭಾಗ್ಯಜ್ಯೋತಿ ಕೂತಲ್ಲಿಂದಲೇ ‘ಯಜ್ಜಾ, ನಿನಗ ಬಣ್ಣ ಕಾಣಂಗಿಲ್ಲೇನ?’ ಎಂದಳು.

‘ಕಾಣಂಗಿಲ್ಲವ್ವಾ. ನೀನ ನೋಡ್ಕೊಂಡು ಹಾಕ್ಕೋ, ನೀಲಿ ಎಡಕ್ಕ, ಕೆಂಪು ಬಲಕ್ಕ’ ಎಂದೆ.

ಮುರಿಗೆವ್ವ ನನ್ನ ಮುಖ ನೋಡಿದಳು. ‘ನೀವು ಯಾವೂರ ಕಡೇರ್ರೀ?’

ವ್ಯಾಪಾರದ ಹೊತ್ತಾಯಿತೆಂದು ಬಂದುಬಿಟ್ಟೆ.

೧೧ ಅಕ್ಟೋಬರ್

ಎಲ್ಲ ಇವೆ. ಒಂದೂ ಹೋಗಿಲ್ಲ.

೧೯ ಅಕ್ಟೋಬರ್, ಸೋಮವಾರ

ದೀಪಾವಳಿಯ ಜನ. ಕೈ ಕಾಲು ಬಿದ್ದುಹೋಗಿವೆ. ಸಂಜೆ ಮುರಿಗೆವ್ವ ಅಂಗಡಿಯ ತನಕ ಬಂದಿದ್ದಳು, ಒಳಗೆ ಬರಲಿಲ್ಲ, ಮೆಟ್ಟಿಲ ಕೆಳಗೇ ನಿಂತಳು. ಹೆಂಗಸರ ಅಳತೆಯವು ಸಾಲುವುದಿಲ್ಲವಂತೆ. ಅವಳಿಗೆ ಸರದಿ ಸಿಕ್ಕದ ದಿನ ಮಗಳನ್ನು ಎತ್ತಿಕೊಂಡು ಬರಿಗಾಲಲ್ಲೇ ಹೋಗುತ್ತಾಳಂತೆ. ಹುಡುಗಿ ನಡೆದರೆ ದಣಿಯುತ್ತಾಳೆ.

‘ಹಂಗ ಮಾಡಬ್ಯಾಡ. ನಿನಗ ಹತ್ತಿದ್ರ ಅಕೀನ್ನ ಯಾರು ಎತ್ಕೊಳ್ಳಾರು? ನಾಳೆ ತರ್ತೀನಿ’ ಎಂದೆ. ಹಬ್ಬದ ವ್ಯಾಪಾರಕ್ಕೆ ಐದರ ಸೈಜ್ ಖಾಲಿ. ಅಟ್ಟದ ಮೂಟೆಯಲ್ಲೂ ಇಲ್ಲ.

೨೦ ಅಕ್ಟೋಬರ್

ಐದರ ಸೈಜಿನ ಹಸಿರು ಜೊತೆ ಒಂದನ್ನು ಮೊಳೆಗೆ ಹಾಕಿ ಬಂದೆ. ಹಳೆಯದು, ಹಿಮ್ಮಡಿ ಸ್ವಲ್ಪ ಸವೆದಿದೆ, ಇನ್ನೂ ಬಾಳಿಕೆ ಬರುತ್ತದೆ. ಹಲಗೆಯಲ್ಲಿ ಜೋಡಿ ಸರಿಯಾಗಿರುವುದು ಅದೊಂದೇ. ನಾಳೆಗೆ ಇರುವುದಿಲ್ಲ.

‘ಇವು ಯಾರ್ವು ರೀ?’ ಎಂದಳು ಮುರಿಗೆವ್ವ.

‘ಮನೀವು.’

‘ಮನ್ಯಾಗ ಅವ್ರಿಗೆ ಬ್ಯಾಡೇನ್ರಿ?’

‘ಬ್ಯಾಡ’ ಎಂದೆ. ಇಷ್ಟು ಚಿಕ್ಕ ಉತ್ತರ ನಾನು ಯಾರಿಗೂ ಕೊಟ್ಟವನಲ್ಲ.

೮ ನವೆಂಬರ್

ಹಸಿರು ಜೊತೆ ಹೋಗಿಲ್ಲ. ಅದರ ಮೊಳೆಗೆ ಯಾರೋ ಕುಂಕುಮ ಹಚ್ಚಿದ್ದಾರೆ.

೨೦ ಡಿಸೆಂಬರ್, ಭಾನುವಾರ

ರಕ್ತ ಪರೀಕ್ಷೆ. ಅನಂತಪದ್ಮನಾಭರೂ ಬಂದಿದ್ದರು. ಬಯಲ ಕಡೆಗೆ ಬೆನ್ನು ಮಾಡಿ, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಬಹಳ ಹೊತ್ತು ನಿಂತು ತಮ್ಮ ತೇಗದ ಹಲಗೆಯನ್ನು ನೋಡಿದರು. ಮಕ್ಕಳಲ್ಲಿ ಹುಳ ಅರ್ಧಕ್ಕೂ ಹೆಚ್ಚು ಇಳಿದಿದೆ. ಸಂಗಮೇಶ ಎಂಬ ಹುಡುಗನಿಗೆ ಮಾತ್ರ ಮತ್ತೆ ಹತ್ತಿದೆ. ಓಡುವಾಗ ಚಪ್ಪಲಿ ಅಡ್ಡ ಬರುತ್ತದೆಂದು ಕೈಯಲ್ಲಿ ಹಿಡಿದು ಹೋಗುತ್ತಾನಂತೆ. ಭಾಗ್ಯಜ್ಯೋತಿಗೆ ಹತ್ತಿಲ್ಲ. ರಕ್ತ ಎಂಟಾಗಿದೆ.

‘ಗೆದ್ವಿ ಅಂತೀರಾ ಮೇಡಂ?’

‘ಇನ್ನೂ ಎರಡು ತಿಂಗಳು ಹೀಗೇ ಇದ್ರೆ ಅಂತೀನಿ.’

೧೭ ಜನವರಿ ೧೯೯೯

ಹೋದರೆ ಶೆಡ್ಡುಗಳಿಲ್ಲ. ಕಟ್ಟಡಕ್ಕೆ ಬಣ್ಣ ಹೊಡೆಯುತ್ತಿದ್ದಾರೆ. ಕೂಲಿಯವರನ್ನೆಲ್ಲ ಬೇಗೂರಿನ ಕೆರೆಯ ಆಚೆ ಹೊಸ ಸೈಟಿಗೆ ಲಾರಿಯಲ್ಲಿ ಸಾಗಿಸಿದರೆಂದು ವಾಚ್‌ಮನ್ ಹೇಳಿದ. ಹಲಗೆಯೂ ಇಲ್ಲ, ಯಾರೋ ಒಲೆಗೆ ಹಾಕಿರಬೇಕು, ತೇಗ ಚೆನ್ನಾಗಿ ಉರಿಯುತ್ತದೆ. ಹಸಿರು ಜೊತೆಗಾಗಿ ಸುತ್ತ ಹುಡುಕಿದೆ. ಸಿಕ್ಕಲಿಲ್ಲ.

ಹೊಸ ಸೈಟೆಂದರೆ ಹೊಸ ಬಯಲು. ಎಂಟು ಮತ್ತೆ ಐದಾಗಲು ಎಷ್ಟು ಹೊತ್ತು. ಸುಸ್ತಾಗಿದೆ. ಮಾತ್ರೆ ನುಂಗಿ ಮಲಗುತ್ತೇನೆ.

೧೪ ಫೆಬ್ರವರಿ ೧೯೯೯, ಭಾನುವಾರ

ನಾಳೆ ಅಂಕಮ್ಮನ ವರ್ಷದ ಕಾರ್ಯ. ಮಾಡಬೇಕಾದ ಕೆಲಸ ಮನೆಯಲ್ಲಿ ಬೇಕಾದಷ್ಟಿತ್ತು. ಬೈರಣ್ಣನಿಗೆ ಒಪ್ಪಿಸಿ ಅಟ್ಟದ ಮೂಟೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಬೇಗೂರಿಗೆ ಹೋದೆ. ಹೋಗುತ್ತೇನೆಂದು ಬೆಳಿಗ್ಗೆ ಅಂದುಕೊಂಡಿರಲಿಲ್ಲ.

ಕೆರೆ ಏರಿ ದಾಟಿದರೆ ಅದೇ ತಗಡು, ಅದೇ ಸಾಲು. ಶೆಡ್ಡುಗಳ ಹಿಂದೆ ನೀಲಗಿರಿ ತೋಪು. ತೋಪಿನ ದಾರಿಯ ತಲೆಯಲ್ಲಿ, ಎರಡು ಮರಗಳಿಗೆ ಅಡ್ಡ, ತೇಗದ ಹಲಗೆ. ಮೊಳೆಗಳು, ನೀಲಿ ಕೆಂಪು ಚಪ್ಪಲಿಗಳು, ಕೆಳಗೊಂದು ನೀರಿನ ಡ್ರಮ್ಮು, ಅದಕ್ಕೊಂದು ಚೊಂಬು. ಚೊಂಬು ನಾನು ಕೊಟ್ಟದ್ದಲ್ಲ.

‘ಲಾರ್‍ಯಾಗ ಪೈಲೆ ಅದನ್ನ ಏರ್ಸಿದ್ವಿ ಯಣ್ಣಾ. ಅಡಿಗಿ ಸಾಮಾನು ಆಮ್ಯಾಲೆ’ ಎಂದಳು ಮುರಿಗೆವ್ವ. ಡಾಕ್ಟರಮ್ಮ ಹೋದ ವಾರ ಬಂದು ನೋಡಿದರಂತೆ. ಹುಳ ಇಲ್ಲ. ರಕ್ತ ಹತ್ತಾಗಿದೆ.

ಹಸಿರು ಜೊತೆ ಮೊಳೆಯ ಮೇಲೆ ಇರಲಿಲ್ಲ. ಮೂಟೆ ಬಿಚ್ಚಿ ಜೋಡಿಸುತ್ತಿದ್ದೆ. ಅಷ್ಟರಲ್ಲಿ ತೋಪಿನ ಕಡೆಯಿಂದ ಟಪ ಟಪ ಸದ್ದು ಬಂತು. ಭಾಗ್ಯಜ್ಯೋತಿ ಓಡಿ ಬರುತ್ತಿದ್ದಳು. ಹೌದು, ಓಡಿ. ಕಾಲಲ್ಲಿ ಅಂಕಮ್ಮನ ಹಸಿರು ಚಪ್ಪಲಿ, ಪಾದದ ಹಿಂದೆ ಇನ್ನೊಂದು ಪಾದದಷ್ಟು ಜಾಗ ಖಾಲಿ. ಡ್ರಮ್ಮಿನ ಹತ್ತಿರ ನಿಂತು ನೀರು ಹುಯ್ದು, ಒಂದೊಂದನ್ನೇ ಉಜ್ಜಿ ಕುಂಕುಮವಿದ್ದ ಮೊಳೆಗೆ ತೂಗುಹಾಕಿದಳು.

‘ನಿನ್ನ ಅಳತೀವು ಕೆಳಗ ಅದಾವಲ್ಲವಾ. ಇವು ನಿನಗ ಭಾಳ ದೊಡ್ಡವು’ ಎಂದೆ.

ಸೊಂಟದ ಮೇಲೆ ಕೈಯಿಟ್ಟು, ತಿಳಿಗೇಡಿಗೆ ತಿಳಿಹೇಳುವವಳಂತೆ ನನ್ನನ್ನು ನೋಡಿದಳು.

‘ಇರ್ಲಿ ಬಿಡ ಯಜ್ಜಾ. ಬೆಳೀತೀನಲ್ಲ.’